ಸೆಕೆಂಡಿಗೆ ಏಳು ಕ್ವಿಂಟಲ್ ಹೊಂಗೆ ಬೀಜ

ನಮ್ಮ ದೇಶ ವರ್ಷಕ್ಕೆ ಸುಮಾರು 9 ಕೋಟಿ ಟನ್ ಡೀಸೆಲ್ ಸುಡುತ್ತದೆ. ಲೀಟರ್ ಲೆಕ್ಕದಲ್ಲಿ ಅದು ಹತ್ತು ಸಾವಿರ ಕೋಟಿಯನ್ನೂ ದಾಟುತ್ತದೆ. ಗಡಿಯಾರದ ಸೆಕೆಂಡ್ ಮುಳ್ಳು ಒಮ್ಮೆ ಕದಲುವಷ್ಟರಲ್ಲಿ 3,400 ಲೀಟರ್ ಖಾಲಿ!

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಪ್ರಕಾರ 2030ರ ಹೊತ್ತಿಗೆ ಡೀಸೆಲ್‌ಗೆ ಶೇ 5ರಷ್ಟು ಬಯೋಡೀಸೆಲ್ ಬೆರೆಸಬೇಕು. ಐದೇ ಎಂದರೆ ಅಲ್ಪ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 540 ಕೋಟಿ ಲೀಟರ್ ಆಗುತ್ತದೆ. ಗಾಣದಲ್ಲಿ ಒಂದು ಲೀಟರ್ ಹೊಂಗೆ ಎಣ್ಣೆ ಇಳಿಯಲು ಸುಮಾರು 4 ಕೆ.ಜಿ. ಬೀಜ ಬೇಕು. ಹೊಂಗೆಯೊಂದರಿಂದಲೇ ಈ ಗುರಿ ಮುಟ್ಟುವುದಾದರೆ, ಹಗಲಿರುಳೆನ್ನದೆ ಪ್ರತಿ ಸೆಕೆಂಡಿಗೂ ಏಳು ಕ್ವಿಂಟಲ್ ಬೀಜ ಗಾಣಕ್ಕೆ ಬೀಳುತ್ತಿರಬೇಕು. ಮರವೊಂದಕ್ಕೆ 20 ಕೆ.ಜಿ. ಎಂದುಕೊಂಡರೂ ನೂರು ಕೋಟಿಗೂ ಹೆಚ್ಚು ಮರಗಳು ಬೇಕು.

ಎಣ್ಣೆಯನ್ನು ಬಯೋಡೀಸೆಲ್ ಮಾಡುವುದು ಕಷ್ಟದ ವಿದ್ಯೆಯಲ್ಲ. 10 ಕೆ.ಜಿ. ಎಣ್ಣೆಗೆ ಒಂದು ಕೆ.ಜಿ. ಮೆಥನಾಲ್, ಜೊತೆಗೆ ಚೂರು ಕ್ಷಾರ; ಹೆಚ್ಚುಕಡಿಮೆ 10 ಕೆ.ಜಿ. ಬಯೋಡೀಸೆಲ್ ಸಿಗುತ್ತದೆ, ಒಂದು ಕೆ.ಜಿ. ಗ್ಲಿಸರಿನ್ ಉಳಿಯುತ್ತದೆ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ನಮ್ಮ ರೈತರು ಇದನ್ನು ಕಣ್ಣಾರೆ ಕಂಡಿದ್ದಾರೆ. ತಯಾರಕರು ಸೋತದ್ದು ದರದ ಮುಂದೆ. 2006ರ ಜನವರಿಯಲ್ಲಿ ಜಾರಿಗೆ ಬಂದ ಖರೀದಿ ನೀತಿ ಲೀಟರಿಗೆ 25 ರೂಪಾಯಿ ನಿಗದಿ ಮಾಡಿತು. ಬೀಜ, ಗಾಣ, ಮೆಥನಾಲ್, ಸಾಗಣೆ ಎಲ್ಲ ಸೇರಿದರೆ ಖರ್ಚೇ ಅದನ್ನು ಮೀರುತ್ತಿತ್ತು. ನಷ್ಟಕ್ಕೆ ಯಾರು ತಾನೇ ಮಾರುತ್ತಾರೆ? ಕೊನೆಗೆ ಕೆಲವು ನಗರಗಳ ಬಂಕ್‌ಗಳಲ್ಲಿ ಬಯೋಡೀಸೆಲ್ ಬೆರೆತ ಡೀಸೆಲ್ ಮಾರಾಟ ಶುರುವಾದದ್ದು 2015ರ ಆಗಸ್ಟ್ 10ರಂದು.

ಕರಿದ ಎಣ್ಣೆಯ ಲೆಕ್ಕ ಇನ್ನೂ ಬೆರಗಿನದು. ದೇಶದಲ್ಲಿ ವರ್ಷಕ್ಕೆ 2,700 ಕೋಟಿ ಲೀಟರ್ ಅಡುಗೆ ಎಣ್ಣೆ ಬಳಕೆಯಾಗುತ್ತದೆ, ಹೋಟೆಲ್, ಕ್ಯಾಂಟೀನ್‌ಗಳಿಂದಲೇ 140 ಕೋಟಿ ಲೀಟರ್ ಕರಿದ ಎಣ್ಣೆ ಸಂಗ್ರಹಿಸಬಹುದು, ಅದರಿಂದ 110 ಕೋಟಿ ಲೀಟರ್ ಬಯೋಡೀಸೆಲ್ ಬರುತ್ತದೆ ಎಂದು 2019ರಲ್ಲಿ ಸರ್ಕಾರವೇ ಅಂದಾಜಿಸಿತ್ತು. ಬೋಂಡಾ, ಪೂರಿ ಕರಿದು ಉಳಿದ ಎಣ್ಣೆಯಲ್ಲೇ ಗುರಿಯ ಐದನೇ ಒಂದು ಪಾಲು! ಅದೇ ಎಣ್ಣೆ ಮತ್ತೆ ಬಾಣಲೆ ಸೇರಿದರೆ ನಮ್ಮ ಹೃದಯಕ್ಕೆ ಕುತ್ತು.

ಆ ಎಣ್ಣೆಯ ಬಯೋಡೀಸೆಲ್‌ಗೆ ಮೊದಲ ವರ್ಷ 51 ರೂಪಾಯಿ, ಮೂರನೇ ವರ್ಷ 54 ರೂಪಾಯಿ 50 ಪೈಸೆ ಎಂದು ದರ ಘೋಷಣೆಯಾಯಿತು. ಒಳ್ಳೆಯ ಹೆಜ್ಜೆ. ಆದರೆ ಭರವಸೆ ಮೂರೇ ವರ್ಷದ್ದು.

ಎಥನಾಲ್ ನೋಡಿ. 2014ರ ಸುಮಾರಿಗೆ ಪೆಟ್ರೋಲ್‌ನಲ್ಲಿ ಶೇ 1.5ರಷ್ಟಿದ್ದದ್ದು 2025ರಲ್ಲಿ ಶೇ 20 ಮುಟ್ಟಿತು. ಸರ್ಕಾರ ವರ್ಷ ವರ್ಷವೂ ದರ ಕಟ್ಟಿ ಕೊಂಡಿತು, ಕಾರ್ಖಾನೆಗಳು ಎದ್ದವು. ಬಯೋಡೀಸೆಲ್ ಮಾತ್ರ ಶೇ 1ನ್ನೂ ದಾಟಲಿಲ್ಲ. ಕಬ್ಬು ವರ್ಷದಲ್ಲಿ ಕಟಾವಿಗೆ ಬರುತ್ತದೆ, ಮೂರು ವರ್ಷದ ದರ ಅದಕ್ಕೆ ಸಾಕು. ಹೊಂಗೆಗೆ ಸಾಲದು. ಸರ್ಕಾರ ಮರದ ವಯಸ್ಸಿಗೆ ತಕ್ಕ ದರ ಘೋಷಿಸಲಿ. ಇಂದು ಬದುವಿನಲ್ಲಿ ನೆಟ್ಟ ಹೊಂಗೆ ಸಸಿ ಕೈತುಂಬ ಬೀಜ ಕೊಡಲು ಆರೇಳು ವರ್ಷ ಬೇಕು.