ಒಂದೇ ಬಸ್ಸು, ಬೇರೆ ಬೇರೆ ಪರಿಹಾರ

ಒಂದೇ ಅಪಘಾತದಲ್ಲಿ ಸತ್ತವರ ಕುಟುಂಬಗಳಿಗೆ ಕೋರ್ಟು ಬೇರೆ ಬೇರೆ ಮೊತ್ತ ಕೊಡಿಸುವುದೇಕೆ?

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡಾಗ ಸರ್ಕಾರ ಎಲ್ಲರ ಮನೆಗೂ ಸಮನಾಗಿ 5 ಲಕ್ಷ ರೂಪಾಯಿ ಘೋಷಿಸಿತು. ಅದು ಸಾಂತ್ವನ. ಮೋಟಾರು ಅಪಘಾತ ನ್ಯಾಯಮಂಡಳಿ ಕೊಡಿಸುವುದು ಮುಖ್ಯವಾಗಿ ನಿಂತುಹೋದ ದುಡಿಮೆಯ ಲೆಕ್ಕ, ಜೀವದ ಬೆಲೆಯಲ್ಲ. ಫಸಲಿಗೆ ಬಂದ ತೆಂಗಿನ ಮರ ಬಿದ್ದರೆ ದಿಮ್ಮಿಯ ಬೆಲೆ ಕಟ್ಟುತ್ತೇವೆಯೇ? ಇನ್ನೆಷ್ಟು ವರ್ಷ ಕಾಯಿ ಬಿಡುತ್ತಿತ್ತು ಎಂದು ಎಣಿಸುತ್ತೇವೆ. ಇಲ್ಲೂ ಹಾಗೆಯೇ: ವರ್ಷದ ಆದಾಯಕ್ಕೆ ಮುಂದಿನ ಏರಿಕೆಯ ಪಾಲು ಸೇರಿಸಿ, ಸತ್ತವರ ಸ್ವಂತ ಖರ್ಚು ಕಳೆದು, ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಂತೆ 32ರ ಪ್ರಾಯಕ್ಕೆ ಅದು 16, 62ಕ್ಕೆ ಬರೀ 7.

ಸಂಬಳದ ಚೀಟಿಯೇ ಇಲ್ಲದ ಕೂಲಿಯವರ, ಗೃಹಿಣಿಯರ ಗತಿಯೇನು ಎಂಬ ಆಕ್ಷೇಪ ನ್ಯಾಯವೇ. ಅವರಿಗೆ ಕೋರ್ಟು ಅಂದಾಜು ಆದಾಯ ಹಿಡಿಯುತ್ತದೆ, ಮನೆಗೆಲಸಕ್ಕೂ ಬೆಲೆಯುಂಟು. ಆ ಅಂದಾಜು ಹಲವು ಸಲ ಜುಗ್ಗತನದ್ದು, ನಿಜ. ಆದರೂ ಎಲ್ಲರಿಗೂ ಒಂದೇ ಮೊತ್ತವೆಂದರೆ ಐದು ಹೊಟ್ಟೆಗಳಿಗೆ ಒಬ್ಬನೇ ದುಡಿಯುತ್ತಿದ್ದ ಮನೆ ಸೋಲುತ್ತದೆ. ಇನ್ನು, ಪರಿಹಾರ ಕೇಳಲು ದೂರ ಅಲೆಯಬೇಕಿಲ್ಲ: ಶ್ರೀರಂಗಪಟ್ಟಣದಲ್ಲಿ ಅಪಘಾತವಾದರೂ ನಾಗಮಂಗಲ, ಕೆ.ಆರ್. ಪೇಟೆಯ ಕುಟುಂಬ ತನ್ನ ವಾಸಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಗೇ ಅರ್ಜಿ ಹಾಕಬಹುದು; ಆರು ತಿಂಗಳೊಳಗೆ ಹಾಕಿಬಿಡಿ.