ಇಪ್ಪತ್ತು ಸೆಂಟಿಮೀಟರಿನ ಲೋಕ

ಆಷಾಢ, ಆಗುಂಬೆ

ಮಳೆಗಾಲದಲ್ಲಿ ಕನ್ನಡಕದವರು ಆಗುಂಬೆಗೆ ಬರಬಾರದು. ಗೊತ್ತಿದ್ದೂ ಪ್ರತಿವರ್ಷ ಬರುತ್ತೇನೆ. ಗಾಜಿನ ಹೊರಗೆ ಮಳೆಹನಿ, ಒಳಗೆ ನನ್ನದೇ ಉಸಿರಿನ ಆವಿ. ಒರೆಸೋಣವೆಂದರೆ ಮೈಮೇಲೆ ಒಣಗಿದ ಬಟ್ಟೆಯ ಒಂದು ಚೂರೂ ಇಲ್ಲ. ಬೈನಾಕ್ಯುಲರನ್ನು ಕನ್ನಡಕದ ಮೇಲಿಟ್ಟು ನೋಡುವವರ ಪಾಡು ಇನ್ನೂ ಕಷ್ಟ. ಕಣ್ಣು ಐಪೀಸಿನಿಂದ ದೂರವೇ ಉಳಿಯುವುದರಿಂದ ನೋಟದ ಅಂಚು ಕತ್ತರಿಸಿಹೋಗುತ್ತದೆ, ಪಕ್ಕದ ಬೆಳಕು ಒಳಗೆ ನುಗ್ಗುತ್ತದೆ. ಉಜ್ಜಿ ಉಜ್ಜಿ ಗಾಜಿನ ಮೇಲೆ ಉಂಗುರದ ಗೀರು ಬೇರೆ. ತಲೆಯ ಮೇಲೆ ಮಂಗಟ್ಟೆಯ ರೆಕ್ಕೆ ಸದ್ದು ಕೇಳಿ ಕತ್ತೆತ್ತಿದರೆ ಕಂಡದ್ದು ಬರೀ ಬಿಳುಪು. ಘಟ್ಟದ ಮಂಜೋ ಗಾಜಿನದೋ ತಿಳಿಯಲಿಲ್ಲ.

ಕೊನೆಗೆ ಕನ್ನಡಕ ತೆಗೆದು ಜೇಬಿಗಿಳಿಸಿದೆ. ಐದನೇ ತರಗತಿಯಿಂದ ಮೂಗಿನ ಮೇಲೆ ಕೂತಿರುವ ವಸ್ತು. ಈಗ ನನಗೆ ನಲವತ್ತೇಳು, ಎರಡೂ ಕಣ್ಣಿಗೆ ಮೈನಸ್ 5. ಕಾಡೆಲ್ಲ ಕಲಸಿದ ಹಸಿರಾಯಿತು. ಆದರೆ ಮುಖದ ಹತ್ತಿರಕ್ಕೆ ಬಗ್ಗಿಸಿಕೊಂಡ ಕೆಸುವಿನ ಎಲೆ ಮಾತ್ರ ನರನರವಾಗಿ ಕಂಡಿತು. ಅದರ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಜಿಗಿಯುವ ಜೇಡ. ಅದು ನನ್ನತ್ತ ತಿರುಗಿ ನಿಂತಿತು. ಮುಂದಿನ ಎರಡು ದೊಡ್ಡ ಕಣ್ಣುಗಳು ಒಮ್ಮೆ ಕಡುಕಪ್ಪು, ಮರುಗಳಿಗೆ ಒಂದು ಮೂಲೆಯಿಂದ ಜೇನಿನ ಬಣ್ಣ, ಮತ್ತೆ ಕಪ್ಪು. ಈ ಜೇಡದ ಕಣ್ಣಿನ ಲೆನ್ಸು ತಲೆಯ ಚಿಪ್ಪಿಗೇ ಅಂಟಿರುತ್ತದೆ, ಅಲುಗಾಡುವುದಿಲ್ಲ. ಹಿಂದಿರುವ ರೆಟಿನಾದ ಕೊಳವೆಯನ್ನೇ ಸ್ನಾಯುಗಳು ಅತ್ತಿತ್ತ ಆಡಿಸುತ್ತವೆ. ಬಣ್ಣ ಬದಲಾದಂತೆ ನಮಗೆ ಕಾಣುವುದು ಆ ಕೊಳವೆ ಸರಿದಾಡುವುದು. ಅಂದರೆ ಅದು ನನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಿತ್ತು.

ಮೈನಸ್ 5 ಎಂದರೆ 20 ಸೆಂಟಿಮೀಟರು. ಅದರಾಚೆಗಿನದೆಲ್ಲ ಮಸುಕು, ಸರಿಯಾಗಿ ಆ ದೂರದಲ್ಲಿ, ಕಣ್ಣಿಗೆ ಶ್ರಮವೇ ಇಲ್ಲದೆ, ಎಲ್ಲವೂ ಸ್ಫುಟ. ಪುಸ್ತಕ ಹಿಡಿಯುವ ದೂರಕ್ಕಿಂತ ಇದು ಅರ್ಧ, ಹಾಗಾಗಿ ನೋಡಿದ್ದು ಎರಡರಷ್ಟು ದೊಡ್ಡದಾಗಿಯೂ ಕಾಣುತ್ತದೆ. ಚಗಳಿ ಇರುವೆಗಳು ಎಲೆ ಹೊಲಿಯುವಾಗ ಬಾಯಲ್ಲಿ ಕಚ್ಚಿ ಹಿಡಿದ ಮರಿಹುಳುವಿನಿಂದ ರೇಷ್ಮೆ ಎಳೆ ಬರುವುದನ್ನು ಬರಿಗಣ್ಣಲ್ಲಿ ನೋಡಿದ್ದೇನೆ. ಓರಗೆಯ ಗೆಳೆಯರಿಗೆ ಅದಕ್ಕೆ ಭೂತಗನ್ನಡಿ ಬೇಕು.

ಶ್ರಾವಣ, ಮೈಸೂರು

ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಮಾಡಿಸಿಕೊಳ್ಳಬೇಕೆಂದು ಹೋದವನಿಗೆ ವೈದ್ಯರು ಕೇಳಿದ ಮೊದಲ ಪ್ರಶ್ನೆ ದೂರದ್ದಲ್ಲ. “ಸಣ್ಣ ಅಕ್ಷರ ಓದೋವಾಗ ಕನ್ನಡಕ ತೆಗೀತೀರಾ, ಮೇಷ್ಟ್ರೇ?” ತೆಗೆಯುತ್ತೇನೆ ಎಂದೆ. “ಹಾಗಾದ್ರೆ ಕೇಳಿ. ದೂರದ್ದು ಕೊಡ್ತೀನಿ, ಹತ್ತಿರದ್ದು ಇಸ್ಕೊಳ್ತೀನಿ. ಒಪ್ಪಿಗೆ ಇದ್ರೆ ಮುಂದಿನ ಮಾತು.”

ಇಪ್ಪತ್ತೈದರ ಹುಡುಗನಿಗೆ ಈ ಮಾತು ಹೇಳಬೇಕಿಲ್ಲ. ಕಣ್ಣು ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಮುಂದಿನ ಪಾರದರ್ಶಕ ಪೊರೆಯದು, ಕಾರ್ನಿಯಾದ್ದು. ಮಿಕ್ಕದ್ದು ಒಳಗಿನ ಲೆನ್ಸಿನದು. ಹತ್ತಿರ ನೋಡಬೇಕಾದಾಗ ಆಕಾರ ಬದಲಿಸುವುದು ಈ ಲೆನ್ಸೇ. ಎಳೆಯ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ, ವರ್ಷ ಕಳೆದಂತೆ ಬಿರುಸಾಗುತ್ತದೆ. ನಲವತ್ತು ದಾಟಿದ ಮೇಲೆ ಪತ್ರಿಕೆ ದೂರ ದೂರ ಸರಿಯುವ ಚಾಳೀಸಿನ ಮೂಲ ಇದು. ಲೇಸರು ಕೆಲಸ ಮಾಡುವುದು ಕಾರ್ನಿಯಾದ ಮೇಲೆ, ಚಾಳೀಸು ಇರುವುದು ಲೆನ್ಸಿನಲ್ಲಿ. ರಿಂಗ್ ರೋಡಿನ ಫಲಕಗಳಲ್ಲಿ ಕನ್ನಡಕವನ್ನು ಎಸೆದು ನಗುವವರೆಲ್ಲ ಇಪ್ಪತ್ತರ ಆಸುಪಾಸಿನವರೇ ಆಗಿರುವುದು ಸುಮ್ಮನೆ ಅಲ್ಲ. ನನ್ನ ವಯಸ್ಸಿನವನ ಎರಡೂ ಕಣ್ಣನ್ನು ದೂರಕ್ಕೆ ಸರಿಮಾಡಿದರೆ ಓದುವ ಕನ್ನಡಕ ಅವತ್ತೇ ಬೇಕಾಗುತ್ತದೆ.

ಅಳತೆಗಳಾದವು. ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಮೇಲ್ಮೈಯ ನಕ್ಷೆ, ಗುಡ್ಡದ ಸರ್ವೆ ನಕ್ಷೆಯಂತೆ ಬಣ್ಣಬಣ್ಣದ ಗೆರೆಗಳಲ್ಲಿ. ತೆಳುವಿದ್ದರೆ, ಅಥವಾ ಎಲ್ಲಾದರೂ ಶಂಕುವಿನಂತೆ ಉಬ್ಬುವ ಸೂಚನೆ ಇದ್ದರೆ ವಾಪಸು ಕಳಿಸುತ್ತಾರೆ. ಕಣ್ಣೀರು ಎಷ್ಟು ಬರುತ್ತದೆಂದು ರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ನೋಡಿದರು. ಕತ್ತಲಲ್ಲಿ ಪಾಪೆ ಎಷ್ಟು ಅಗಲವಾಗುತ್ತದೆಂದೂ ಅಳೆದರು.

ಭಾದ್ರಪದ, ಕುಕ್ಕರಹಳ್ಳಿ ಕೆರೆ

ನಡುದಾರಿಯೊಂದಿದೆ. ಪ್ರಧಾನ ಕಣ್ಣನ್ನು ದೂರಕ್ಕೆ ಪೂರ್ತಿ ಸರಿಮಾಡಿ, ಇನ್ನೊಂದರಲ್ಲಿ ಸ್ವಲ್ಪ ಮೈನಸ್ ಉಳಿಸುವುದು. ಎರಡನ್ನೂ ಹೊಂದಿಸುವ ಕೆಲಸ ಮಿದುಳಿಗೆ. ಎಲ್ಲರಿಗೂ ಇದು ಒಗ್ಗುವುದಿಲ್ಲ. ಹಾಗಾಗಿ ಮೊದಲು ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಅದೇ ಲೆಕ್ಕ ಹಾಕಿ ಕೊಡುತ್ತಾರೆ, ಕೆಲವು ದಿನ ಬದುಕಿ ನೋಡಿ ಎಂದು. ಬಲಗಣ್ಣು ಪೂರ್ತಿ, ಎಡಗಣ್ಣಿನಲ್ಲಿ ಮೈನಸ್ 1.25 ಉಳಿಕೆ. ಇಷ್ಟು ಒಳ್ಳೆಯ ಏರ್ಪಾಡು ಬೇರೆ ಯಾವ ಆಪರೇಷನ್ನಿಗಿದೆಯೋ ಕಾಣೆ.

ಪರೀಕ್ಷೆಗೆ ಕೆರೆಗಿಂತ ಒಳ್ಳೆಯ ಜಾಗ ಬೇಡ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು, ದಡದ ಒಣಕೊಂಬೆಯಲ್ಲಿ ರೆಕ್ಕೆ ಹರಡಿ ಕೂತ ಹಾವಕ್ಕಿ. ಬೈನಾಕ್ಯುಲರಿನ ಬಲ ಐಪೀಸಿನ ಬುಡದಲ್ಲಿ ತಿರುಗಿಸುವ ಉಂಗುರವೊಂದಿರುತ್ತದೆ, ಎರಡು ಕಣ್ಣಿನ ವ್ಯತ್ಯಾಸ ಸರಿಪಡಿಸಲು. ಮೊದಲು ಎಡಗಣ್ಣಿಗೆ ನಡುವಿನ ಚಕ್ರ, ಆಮೇಲೆ ಬಲಗಣ್ಣಿಗೆ ಈ ಉಂಗುರ. ಎರಡು ಚಿತ್ರ ಒಂದಾಗಿ ಕೂತವು. ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳು ಎಣಿಸುವಂತಿದ್ದವು. ಕನ್ನಡಕವಿಲ್ಲದೆ ಕಣ್ಣನ್ನು ಐಪೀಸಿಗೆ ಒತ್ತಿ ಕೂತಾಗ ಕೆರೆಯೇ ಅಗಲವಾದಂತೆ. ತೊಂದರೆ ಬಂದದ್ದು ಬೈನಾಕ್ಯುಲರ್ ಕೆಳಗಿಳಿಸಿದಾಗ. ನೇರಕ್ಕೆ ನುಗ್ಗಿ ಬಂದ ಮಿಂಚುಳ್ಳಿಯ ದೂರ ಅಂದಾಜಿಗೆ ಸಿಗಲಿಲ್ಲ. ಎರಡು ಕಣ್ಣು ಒಂದೇ ದೂರಕ್ಕೆ ನಿಲ್ಲದಾಗ ಆಳದ ಅರಿವು ಸ್ವಲ್ಪ ಕುಂದುತ್ತದೆ. ಕಟ್ಟೆಯ ಮೆಟ್ಟಿಲಿಳಿಯುವಾಗಲೂ ಕಾಲು ತಡವರಿಸಿತು. ಎರಡನೇ ವಾರಕ್ಕೆ ಅದು ಕಡಿಮೆಯಾಯಿತು.

ನೀರುಕಾಗೆಯನ್ನು ನೋಡುತ್ತ ಕೂತರೆ ಹೊಟ್ಟೆಕಿಚ್ಚಾಗುತ್ತದೆ. ಗಾಳಿಯಲ್ಲಿ ಸರಿಯಾಗಿ ಕಾಣುವ ಕಣ್ಣು ನೀರಿಗಿಳಿದರೆ ಕಾರ್ನಿಯಾದ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ, ಯಾಕೆಂದರೆ ನೀರಿಗೂ ಕಾರ್ನಿಯಾಕ್ಕೂ ಬೆಳಕನ್ನು ಬಾಗಿಸುವ ಗುಣ ಹೆಚ್ಚುಕಡಿಮೆ ಒಂದೇ. ನಾವು ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಎಲ್ಲ ಮಂಜಾಗುವುದು ಅದಕ್ಕೇ. ನೀರುಕಾಗೆ ತನ್ನ ಮೆತ್ತನೆಯ ಲೆನ್ಸನ್ನು ಒತ್ತಿ ಪಾಪೆಯ ಮೂಲಕ ಮುಂದಕ್ಕೆ ಉಬ್ಬಿಸಿ ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಮುಳುಗಿತು, ಎದ್ದಿತು, ಕೊಕ್ಕಿನಲ್ಲಿ ಮೀನು.

ಕಾರ್ತಿಕ

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ಒಂದಿಷ್ಟು ಒತ್ತಿಹಿಡಿದಿರುತ್ತದೆ. ಅದಕ್ಕೇ ಕೆಲವು ವಾರ ಬಿಟ್ಟು, ಮತ್ತೆ ಅಳತೆ ಮಾಡಿದ ಮೇಲೆ ದಿನ ಗೊತ್ತಾಯಿತು.

ಈ ಲೇಸರಿನ ಹುಟ್ಟು ಹಕ್ಕಿ ನೋಡುವವರಿಗೆ ಹೇಳಿ ಮಾಡಿಸಿದ ಕಥೆ. 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಮದರಾಸಿನಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಮನೆಯಲ್ಲಿ ಊಟಕ್ಕೆ ಮಾಡಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡನ್ನು ನ್ಯೂಯಾರ್ಕ್ ರಾಜ್ಯದ ಐಬಿಎಂ ಪ್ರಯೋಗಾಲಯಕ್ಕೆ ಒಯ್ದರು. ಎಕ್ಸಿಮರ್ ಲೇಸರಿನ 193 ನ್ಯಾನೊಮೀಟರಿನ ನೇರಳಾತೀತ ಬೆಳಕು ಅದರ ಮೃದ್ವಸ್ಥಿಯನ್ನು ಸುತ್ತಲೂ ಸುಡದೆ ಚೊಕ್ಕವಾಗಿ ಕೆತ್ತಿತು. ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಜೊತೆಗಿದ್ದರು. ಕಣ್ಣಿನ ವೈದ್ಯ ಸ್ಟೀವನ್ ಟ್ರೋಕೆಲ್ ಸೇರಿಕೊಂಡು ಕಾರ್ನಿಯಾದ ಮೇಲಿನ ಪ್ರಯೋಗಗಳನ್ನು 1983ರಲ್ಲಿ ಪ್ರಕಟಿಸಿದರು.

ಮೇಜಿನ ಮೇಲೆ ಮಲಗಿದವನಿಗೆ ಕಾಣುವುದು ಕಡಿಮೆ, ಆದರೂ ಗಮನಿಸಲು ಇದೆ. ಮರಗಟ್ಟಿಸುವ ಹನಿ. ರೆಪ್ಪೆ ಮುಚ್ಚದಂತೆ ತಂತಿಯ ಹಿಡಿಕೆ. ಬಟ್ಟಲಿನಂಥದೊಂದು ಬಂದು ಕಣ್ಣನ್ನು ಹೀರಿ ಹಿಡಿದಾಗ ಅಂಚಿನಿಂದ ಕತ್ತಲು ಕವಿದು ಕೆಲವು ಸೆಕೆಂಡು ಪೂರ್ತಿ ಕುರುಡು. ಆ ಹೊತ್ತಿನಲ್ಲಿ ಒಂದು ಲೇಸರು ಕಾರ್ನಿಯಾದಲ್ಲಿ ತೆಳುಪದರ ಬಿಡಿಸುತ್ತದೆ. ವೈದ್ಯರು ಅದನ್ನು ಎತ್ತಿ ಮಗುಚಿದಾಗ ಎದುರಿನ ಹಸಿರು ದೀಪ ನೀರಿನಡಿಯ ದೀಪದಂತೆ ಕದಡಿತು. ಆಮೇಲೆ ಎಕ್ಸಿಮರಿನ ಟಕಟಕ. ಕೂದಲು ಸುಟ್ಟ ವಾಸನೆ ಬಂತು, ಸುಟ್ಟದ್ದು ಏನೂ ಇಲ್ಲದಿದ್ದರೂ. ಆ ಬೆಳಕು ಅಣುಗಳ ಬಂಧ ಕಡಿಯುತ್ತದೆ, ಕಾಯಿಸುವುದಿಲ್ಲ. ತೆಗೆದದ್ದು ಒಂದು ತಲೆಗೂದಲಿನ ದಪ್ಪದಷ್ಟು. ನಡುಭಾಗ ಚಪ್ಪಟೆಯಾಯಿತು. ಎದ್ದು ಕೂತಾಗ ಗೋಡೆ ಗಡಿಯಾರದ ಮುಳ್ಳು ಹಾಲಿನೊಳಗಿಂದ ಕಂಡಿತು.

ಪುಷ್ಯ

ದೂರದ ಕಣ್ಣು ಸೊಗಸಾಗಿ ಕೂತಿದೆ. ಕಷ್ಟಗಳೂ ಇವೆ. ಪದರ ಬಿಡಿಸುವಾಗ ಕಾರ್ನಿಯಾದ ಸಣ್ಣ ನರಗಳು ತುಂಡಾಗುವುದರಿಂದ ಕಣ್ಣು ಒಣಗುತ್ತದೆ. ಚಳಿಗಾಲದ ಒಣಗಾಳಿಯಲ್ಲಿ ಹನಿಯ ಬಾಟಲಿ ಜೇಬಿನಲ್ಲೇ. ಕತ್ತಲಲ್ಲಿ ಬೀದಿದೀಪಗಳ ಸುತ್ತ ಬಳೆ ಮೂಡುತ್ತವೆ. ನತ್ತಿಂಗ ಹುಡುಕಲು ರಾತ್ರಿ ಕಾರು ಓಡಿಸುವ ಕೆಲಸ ಸದ್ಯಕ್ಕೆ ಗೆಳೆಯನಿಗೆ ವಹಿಸಿದ್ದೇನೆ. ದಿನಗಳೆದಂತೆ ಎರಡೂ ತಗ್ಗುತ್ತಿವೆ.

ಇಪ್ಪತ್ತು ಸೆಂಟಿಮೀಟರಿನ ಲೋಕ ಮಾತ್ರ ಹೋಯಿತು. ಎಡಗಣ್ಣು ಅಂಗೈಯ ಗೆರೆ, ಮೊಬೈಲಿನ ಅಕ್ಷರ ತೋರಿಸುತ್ತದೆ. ಜೇಡದ ಕಣ್ಣಿನೊಳಗಿನ ಜೇನುಬಣ್ಣ ಅದರ ಕೈಗೆಟುಕದು. ಹತ್ತು ಪಟ್ಟು ದೊಡ್ಡದು ಮಾಡುವ ಮಡಚುವ ಭೂತಗನ್ನಡಿಯೊಂದನ್ನು ಕೊರಳಿಗೆ ದಾರ ಕಟ್ಟಿ ಹಾಕಿಕೊಂಡಿದ್ದೇನೆ. ಅದು ತೋರಿಸುವುದು ಹೆಚ್ಚು, ಆದರೆ ಚೂರೇ ಚೂರು ಜಾಗ. ಇರುವೆಯ ಬಾಯಿಯೂ ಅದು ಹೊಲಿಯುವ ಎಲೆಯೂ ಒಟ್ಟಿಗೆ ಸಿಗುವುದಿಲ್ಲ. ನನಗೆ ಲುಕ್ಸಾನು ಅನ್ನಿಸಿರುವುದು ಇದೊಂದೇ. ಹೂವು, ಕೀಟಗಳನ್ನೇ ನೋಡುವ ಮೈನಸ್ ಕಣ್ಣಿನವರು ಆಪರೇಷನ್ನಿಗೆ ಅವಸರಪಡಬಾರದು. ನಾನು ಹಕ್ಕಿಯವನು.

ಕೆರೆಯ ಬಳಿ ಸಿಗುವ ಬ್ಯಾಂಕಿನ ನಿವೃತ್ತ ಮ್ಯಾನೇಜರು, “ನಾನೂ ಮಾಡಿಸ್ಕೊಳ್ಳಲಾ, ಮೇಷ್ಟ್ರೇ?” ಎಂದರು. ಅವರಿಗೆ ಆಗಲೇ ಪೊರೆ ಶುರುವಾಗಿದೆ. ಅವರ ಲೆಕ್ಕ ಬೇರೆ: ಪೊರೆ ತೆಗೆದು ಹಾಕುವ ಲೆನ್ಸಿನಲ್ಲೇ ಪವರ್ ಸರಿಹೊಂದಿಸುತ್ತಾರೆ, ಲೇಸರಿನ ಗೊಡವೆ ಬೇಡ. ನನಗೂ ಮುಂದೆ ಪೊರೆ ಬರುವುದೇ. ಕಾರ್ನಿಯಾ ಕೆತ್ತಿದ ಕಣ್ಣಿಗೆ ಆಗ ಲೆನ್ಸಿನ ಪವರ್ ಲೆಕ್ಕ ಹಾಕುವುದು ಕಷ್ಟ, ಹಳೆಯ ಅಳತೆಗಳಿದ್ದರೆ ಅನುಕೂಲ. ಕಣ್ಣುಗುಡ್ಡೆಯ ಉದ್ದವನ್ನಂತೂ ಲೇಸರು ಮುಟ್ಟಿಲ್ಲ; ಮೈನಸ್ ಕಣ್ಣಿನ ಹಿಗ್ಗಿದ ರೆಟಿನಾ ಹಾಗೇ ಇದೆ. ವರ್ಷಕ್ಕೊಮ್ಮೆ ಅದನ್ನು ತೋರಿಸಬೇಕು, ನಡುವೆ ಮಿಂಚು ಹೊಡೆದಂತಾದರೆ, ಕಣ್ಣೆದುರು ದಿಢೀರನೆ ಕಪ್ಪು ಚುಕ್ಕೆಗಳು ತೇಲಿದರೆ ಅವತ್ತೇ ಓಡಬೇಕು. ಆಪರೇಷನ್ನಿಗೆ ಮುಂಚಿನ ಅಳತೆಯ ಹಾಳೆಗಳನ್ನು ನಕಲು ಮಾಡಿಸಿ, ಒಂದು ಪ್ರತಿಯನ್ನು ಹಕ್ಕಿ ಪಟ್ಟಿಗಳ ಫೈಲಿಗೆ ಸೇರಿಸಿದ್ದೇನೆ. ಮನೆಯಲ್ಲಿ ಎಂದೂ ಕಳೆದುಹೋಗದ ಫೈಲು ಅದೊಂದೇ.