ತಿಮ್ಮಯ್ಯನ ಗುಂಡು, ಬಳೆಗಾರರ ಗುಂಡು

ಮಂಗಳೂರಿನ ಕದ್ರಿಗೆ ಹೋದವರು ಮಂಜುನಾಥನಿಗೆ ಕೈಮುಗಿದು, ಗೋಮುಖದ ನೀರು ತಲೆಗೆ ಚಿಮುಕಿಸಿಕೊಂಡು ಬರುತ್ತಾರೆ. ನಾನೂ ಹಾಗೇ ಬರುವವನಿದ್ದೆ. ಮೂರು ಮುಖ, ಆರು ಕೈಯ ಕಂಚಿನ ಮೂರ್ತಿಯೊಂದು ಕೂತಿದ್ದು ಕಂಡು ಕಾಲು ಅಲ್ಲೇ ನಿಂತಿತು. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರ ಇವನು; ಬೌದ್ಧರ ಅವಲೋಕಿತೇಶ್ವರ. ಪೀಠದ ಶಾಸನದಲ್ಲಿ ದೊರೆ ತನ್ನನ್ನು ಶಿವನ ಪಾದಕಮಲದ ದುಂಬಿ ಎಂದು ಕರೆದುಕೊಂಡಿದ್ದಾನೆ. ದುಂಬಿ ಶಿವನದ್ದು, ಮೂರ್ತಿ ವಿಹಾರದ್ದು. ಆಗ ಯಾರೂ ತಕರಾರು ತೆಗೆದಂತಿಲ್ಲ.

ಹೊರಗೆ ಬಂದರೆ ಹಾರ್ನು, ಅಪಾರ್ಟ್‌ಮೆಂಟು, ಬಂಗುಡೆ ಊಟದ ಬೋರ್ಡು. ಜೊತೆಗಿದ್ದ ಗೆಳೆಯ ಕೇಳಿದ: 'ನಿಮ್ಮ ಬಯಲುಸೀಮೆಯಲ್ಲಿ ಇಂಥದ್ದೆಲ್ಲ ಎಲ್ಲಿಂದ ಬರಬೇಕು?' ಪರಶುರಾಂಪುರದವನಿಗೆ ರೇಗದೇ ಇದ್ದೀತೇ? ಕುಂದವರ್ಮನಿಗಿಂತ ಹೆಚ್ಚುಕಡಿಮೆ ಸಾವಿರದ ಇನ್ನೂರು ವರ್ಷ ಮೊದಲೇ ನಮ್ಮ ಪಕ್ಕದ ತಾಲ್ಲೂಕಿಗೆ ಅಶೋಕನ ಓಲೆ ಬಂದಿತ್ತು ಅಂದೆ. ಅಂದಮೇಲೆ ನಾಚಿಕೆಯೂ ಆಯಿತು. ಶಾಲೆಯಲ್ಲಿ ಒಂದು ಅಂಕಕ್ಕೆ ಬಾಯಿಪಾಠ ಮಾಡಿದ್ದು ಬಿಟ್ಟರೆ ನಾನು ಅದನ್ನು ಕಣ್ಣಾರೆ ನೋಡಿರಲಿಲ್ಲ.

ಊರಿಗೆ ಬಂದವನೇ ಚಳ್ಳಕೆರೆಗೆ ಹೋಗಿ ಬಳ್ಳಾರಿ ಬಸ್ಸು ಹತ್ತಿದೆ. ಶೇಂಗಾ ಹೊಲ, ಜಾಲಿ, ಕುರಿ ಹಿಂಡು ದಾಟಿ ಮೊಳಕಾಲ್ಮುರು ಸೀಮೆಗೆ ಬಂದರೆ ನೆಲದ ಬಣ್ಣಕ್ಕಿಂತ ಕಲ್ಲಿನ ಬಣ್ಣವೇ ಜಾಸ್ತಿ. ಯಾರೋ ಒಟ್ಟಿ ಮರೆತುಹೋದಂತೆ ಗುಂಡಿನ ಮೇಲೆ ಗುಂಡು. ಆ ಗುಂಡುಗಳಲ್ಲೇ ಮೂರು ಕಡೆ, ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಗುರುತಿಸಿದ್ದು. ಸಿದ್ದಾಪುರವನ್ನು ಈಗ ಜನ ಅಶೋಕ ಸಿದ್ದಾಪುರ ಅಂತಲೇ ಕರೆಯುತ್ತಾರೆ.

ಬ್ರಹ್ಮಗಿರಿಯದ್ದಕ್ಕೆ ಅಕ್ಷರ ಗುಂಡು ಎಂದು ಹೆಸರು. ಬಂಡೆ ದೊಡ್ಡದು, ಅಕ್ಷರ ಬಡಪಾಯಿ. ನಡುಹಗಲಲ್ಲಿ ಹೋದರೆ ಏನೂ ಕಾಣುವುದಿಲ್ಲ. ಓರೆ ಬಿಸಿಲು ಬೀಳುವವರೆಗೆ ಕಾಯಬೇಕು. ಆಗ ಇರುವೆ ಸಾಲಿನಂತೆ ಬ್ರಾಹ್ಮಿ ಗೆರೆಗಳು ಒಂದೊಂದಾಗಿ ಏಳುತ್ತವೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದಲೇ ಓಲೆ ಶುರು. ಥೇಟ್ ನಮ್ಮ ಹಳೇ ಕಾಗದಗಳ 'ಕ್ಷೇಮ' ಇದ್ದಂತೆ. ಆಮೇಲೆ ದೊರೆ ತನ್ನ ಮಾತಿಗೆ ಬರುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರದ್ಧೆ ಇರಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಬಲವಾಯಿತು. ತನ್ನ ಆಲಸ್ಯವನ್ನು ಕಲ್ಲಿನ ಮೇಲೆ ಒಪ್ಪಿಕೊಂಡ ದೊರೆ ಇನ್ನೊಬ್ಬ ನನಗೆ ಗೊತ್ತಿಲ್ಲ. ತಾಯಿತಂದೆಯ ಮಾತು ಕೇಳಿ, ಜೀವಿಗಳ ಮೇಲೆ ಕರುಣೆ ಇರಲಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ ಎಂಬ ಬುದ್ಧಿವಾದ ಮುಂದೆ. ನಡುವೆ 256 ಎಂಬ ಅಂಕಿಯೊಂದಿದೆ. ಅದು ಯಾವುದರ ಲೆಕ್ಕ ಎಂದು ವಿದ್ವಾಂಸರು ನೂರು ವರ್ಷಕ್ಕೂ ಮೇಲೆ ಜಗಳಾಡಿದ್ದಾರೆ.

ನನಗೆ ಹಿಡಿಸಿದ್ದು ಕೊನೆಯ ಸಾಲು. ಬರೆದವನು ಚಪಡ. ತನ್ನ ಕಸುಬು ಹೇಳುವ 'ಲಿಪಿಕರ' ಎಂಬ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ನಮ್ಮ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ದೊರೆಯ ಓಲೆ ಮುಗಿದ ಮೇಲೆ ಲಿಪಿಕಾರನ ಒಂದು ಬಿಂಕ ಅದು ಅನ್ನಿಸಿತು. ಗೊಂಡಾರಣ್ಯಗಳನ್ನು ದಾಟಿ ಬಂದವನು ನಾನು, ನನಗೆ ಇದೂ ಬರುತ್ತದೆ ಎಂಬ ಹಾಗೆ.

ಓಲೆ ಬಂದ ಇಸಿಲ ಆಗ ಅಧಿಕಾರಿಗಳಿದ್ದ ಊರು. ಈಗ ಹೊಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಕಲ್ಲುಕೊಡಲಿಯ ಕಾಲ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲ, ಅದರ ಮೇಲೆ ಸಾತವಾಹನರ ಕಾಲ ಒಂದರ ಮೇಲೊಂದು ಸಿಕ್ಕವು. ಅದಕ್ಕೂ ಮೊದಲು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಹಿಂಭಾಗ ಅರ್ಧಚಂದ್ರದಂತೆ ಬಾಗಿದ ಇಟ್ಟಿಗೆಯ ಚೈತ್ಯವೊಂದರ ತಳಪಾಯ ಹುಡುಕಿದ್ದರು. ಕದ್ರಿಯಲ್ಲಿ ಊರು ಬೆಳೆಯುತ್ತಾ ಗುಡಿಯೂ ಉಳಿಯಿತು, ದೇವರ ಹೆಸರಷ್ಟೇ ಬದಲಾಯಿತು. ಇಲ್ಲಿ ಊರೇ ಎದ್ದು ಹೋಯಿತು.

ಆದರೆ ಬಂಡೆಯನ್ನು ಜನ ಬಿಡಲಿಲ್ಲ. ಸಿದ್ದಾಪುರದ ಶಾಸನದ ಕಲ್ಲನ್ನು ರೈಸ್ ಬಂದಾಗ ಊರವರು ಕರೆಯುತ್ತಿದ್ದದ್ದು ಎಮ್ಮೆ ಕಾಯುವ ತಿಮ್ಮಯ್ಯನ ಹೆಸರಿನಿಂದ, ಅದೂ ತೆಲುಗಿನ ವಾಸನೆಯ ಹೆಸರು, ಗಡಿ ಸೀಮೆಯಲ್ಲವೇ. ದೇವಾನಾಂಪ್ರಿಯ ಅಶೋಕ ಯಾರಿಗೆ ಬೇಕಿತ್ತು? ಎಮ್ಮೆ ಬಿಟ್ಟು ಆ ನೆರಳಲ್ಲಿ ಕೂತವನು ತಿಮ್ಮಯ್ಯ.

ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಜಟಾಯು ಬಿದ್ದದ್ದು ಎನ್ನುತ್ತಾರೆ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ನನ್ನ ಉಸಿರೂ ಬಿದ್ದಿತ್ತು. ಇಲ್ಲಿನ ಶಾಸನಕ್ಕೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಈ ಬಂಡೆಯ ಮೇಲೇ ಮಲಾರ ಬಿಚ್ಚಿ ಕೂರುತ್ತಿದ್ದರು. ವರ್ಷ ವರ್ಷ ಕೂತು, ಸರಿದು, ತಿಕ್ಕಿ ಅಕ್ಷರ ಸವೆದವು. ಮೂರರಲ್ಲಿ ಅತಿ ಹೆಚ್ಚು ಅಳಿಸಿಹೋದದ್ದು ಇದೇ. ಪುಸ್ತಕಗಳಲ್ಲಿ ಇದನ್ನು ನಷ್ಟ ಎಂದು ಬರೆದಿರುತ್ತಾರೆ. ನಷ್ಟವೇ, ಇಲ್ಲವೆನ್ನಲಾರೆ. ಆದರೂ ಕಣ್ಣು ಕಿರಿದು ಮಾಡಿ ಚಪಡನ ಗೆರೆ ಹುಡುಕುತ್ತಾ ಕೂತ ನನಗೆ ಕಂಡದ್ದು, ಗಾಜಿನ ಬಳೆಯ ಸರ ಹರವಿಕೊಂಡು ಯಾವುದೋ ಹುಡುಗಿಯ ಕೈ ಒತ್ತಿ ಬಳೆ ಏರಿಸುತ್ತಿದ್ದ ಬಳೆಗಾರ. ಅವನ ಕಾಲಡಿಯಲ್ಲೇ ತಾಯಿತಂದೆಯ ಮಾತು ಕೇಳಿ ಎಂಬ ಸಾಲು ಇದ್ದಿರಬೇಕು.